ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ

ಪುಣೆಯಲ್ಲಿ ಟ್ಯಾಂಕರ್ ನೀರು ತರಿಸುವ ಸೊಸೈಟಿಗಳಲ್ಲಿರುವ ನಮ್ಮವರಿಗೆ ಒಂದು ಸಲಹೆ. ಮೀಟರ್ ಅದ್ದಿ, 150 ಬಂತು, ನೀರು ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ. ಅದು ನೀರಲ್ಲಿ ಕರಗಿರುವ ಉಪ್ಪಿನಂಶದ ಅಂದಾಜು ಅಷ್ಟೇ. ಚರಂಡಿ ನೀರು ಸ್ವಲ್ಪ ಸೇರಿದ್ದರೂ ಅಂಕಿ ಹೆಚ್ಚುಕಮ್ಮಿ ಅಷ್ಟೇ ಇರಬಹುದು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆ ಜಿಬಿಎಸ್ (ಗಿಲ್ಲನ್-ಬಾರೆ ಎಂಬ ನರಗಳ ಕಾಯಿಲೆ) ಹಬ್ಬಿದಾಗ ಎಲ್ಲರೂ ನೋಡಿದ್ದು ನೀರಿನ ಕಡೆಗೇ ಅಲ್ವಾ?

ಎಚ್‌ಟುಎಸ್ ಬಾಟಲಿ ತರಿಸಿ, ಅಂದರೆ ನೀರಲ್ಲಿ ಮಲದ ಬ್ಯಾಕ್ಟೀರಿಯಾ ಇರಬಹುದೇ ಅಂತ ತೋರಿಸುವ ಪರೀಕ್ಷಾ ಬಾಟಲಿ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಸರಳ ವಿಧಾನ ಇದು, ಲ್ಯಾಬ್ ಬೇಕಿಲ್ಲ. ನಲ್ಲಿ ನೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗಿಸದೆ ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಕಡೆ ಇಡಿ. ಒಂದೆರಡು ದಿನದೊಳಗೆ ಕಪ್ಪಾದರೆ ಮಲದ ಸೋಂಕಿನ ಅನುಮಾನ, ಕುದಿಸದೆ ಕುಡಿಯಬೇಡಿ. ಕಪ್ಪಾಗದಿದ್ದರೂ ಪೂರ್ತಿ ಗ್ಯಾರಂಟಿ ಅಲ್ಲ. ನೈಟ್ರೇಟ್, ಫ್ಲೋರೈಡ್ ಇದರಲ್ಲಿ ಗೊತ್ತಾಗುವುದಿಲ್ಲ, ಬೋರ್‌ವೆಲ್ ನೀರಾದರೆ ಅದಕ್ಕೆ ಲ್ಯಾಬೇ ಗತಿ.

ಒಂದು ಬಾಟಲಿ ಸಾಲದು. ಟ್ಯಾಂಕರ್ ಪೈಪಿನದು, ನೆಲದ ಸಂಪಿನದು, ಅಡುಗೆಮನೆ ನಲ್ಲಿಯದು, ಮೂರೂ ಬೇರೆ ಬೇರೆ ಇಡಿ. ಅಡುಗೆಮನೆಯದು ಮಾತ್ರ ಕಪ್ಪಾದರೆ ಟ್ಯಾಂಕರಿನವನ ಹತ್ತಿರ ಜಗಳ ಬೇಡ, ಮೇಲಿನ ಟ್ಯಾಂಕ್ ತೊಳೆಸಿ, ಪೈಪು ನೋಡಿಸಿ.

ಜೊತೆಗೆ ನೀರಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಅಂತ ನೋಡುವ ಕ್ಲೋರಿನ್ ಕಿಟ್ ಕೂಡ ಇರಲಿ. ಕ್ಲೋರಿನ್ ಹಾಕಿದ ನೀರಲ್ಲಿ ಮನೆ ನಲ್ಲಿಯ ಹತ್ತಿರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪೌಡರ್ ನೀರು ಸುರಿದು ಆಮೇಲೆ ಬಿಸಾಡಿ, ವಾಸನೆ ಜಾಸ್ತಿ ಇರುತ್ತದೆ.