ಎರಡನೇ ಗೇರಿನ ಕರಕರ ನಿಲ್ಲಿಸಿದ್ದು ಹೀಗೆ

ಬೆಳಗ್ಗೆ ಗಾಡಿ ತೆಗೆದ ಮೊದಲ ಹತ್ತು ನಿಮಿಷ ಎರಡನೇ ಗೇರು ಕರ್ರ್ ಅನ್ನದೆ ಬೀಳುತ್ತಿರಲಿಲ್ಲ. ಬಿಸಿಯಾದ ಮೇಲೆ ಪರವಾಗಿಲ್ಲ. ನೋಡಿದವರೆಲ್ಲ ಹೇಳಿದ್ದು ಒಂದೇ: ಸಿಂಕ್ರೊ ರಿಂಗ್ (ಗೇರು ಬೀಳುವ ಮುನ್ನ ಹಲ್ಲುಚಕ್ರವನ್ನು ಉಜ್ಜಿ ಹಿಡಿದು ವೇಗ ಸರಿಹೊಂದಿಸುವ ಹಿತ್ತಾಳೆ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು. ಆಯಿಲ್ ಬದಲಿಸಿ ನೋಡ್ತೀನಿ ಅಂದಾಗ ಗೆಳೆಯನೊಬ್ಬ ನಕ್ಕೇಬಿಟ್ಟ. ಈಗ ಹತ್ತಿರ ಹತ್ತಿರ ಹದಿನೈದು ಸಾವಿರ ಕಿಲೋಮೀಟರ್ ಆಯ್ತು, ಕರಕರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಎಡವಟ್ಟು ದಪ್ಪ ಆಯಿಲ್. ಸದ್ದು ಅಡಗುತ್ತೆ ಅಂತ 85ಡಬ್ಲ್ಯೂ-140 ಸುರಿದೆ (ಅಂಕಿ ದೊಡ್ಡದಾದಷ್ಟೂ ಆಯಿಲ್ ದಪ್ಪ). ಬೆಳಗ್ಗೆ ಲಿವರ್ ಎಳೆದರೆ ಕೆಸರಲ್ಲಿ ಕೋಲು ಆಡಿಸಿದ ಹಾಗೆ. ಕರಕರ ಇನ್ನೂ ಜಾಸ್ತಿ. ಎರಡು ಲೀಟರಿನ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಮೇಲೆ ಉಲ್ಟಾ ಹೊಡೆದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರಿನ ಗಾಡಿಗೆ ಹಾಕುವ ತೆಳು ಆಯಿಲ್, ಹಾಕಿದೆ. ಕೆಲವು ಗೇರ್‌ಬಾಕ್ಸ್‌ಗೆ ಕಂಪನಿಯೇ ಅದನ್ನು ಹೇಳಿರುತ್ತೆ, ನನ್ನದಕ್ಕಲ್ಲ. ಚಳಿಯಲ್ಲಿ ಗೇರು ಬೆಣ್ಣೆ. ಆದರೆ ದೂರ ಓಡಿಸಿ ಬಿಸಿಯಾದಾಗ ಐದನೇ ಗೇರಲ್ಲಿ ಕುಯ್ಯೋ ಅನ್ನುವ ಸದ್ದು. ಮುನ್ನೂರು ಕಿಲೋಮೀಟರಿಗೇ ಹೆದರಿ ಆ ಆಯಿಲ್ ಇಳಿಸಿದೆ.

ಇಳಿಸುವಾಗಲೇ ತಲೆಗೆ ಹೊಳೆದದ್ದು. ರಿಂಗ್ ಸತ್ತೇ ಹೋಗಿದ್ದರೆ ಎಟಿಎಫ್‌ನಲ್ಲೂ ಕರ್ರ್ ಅನ್ನಬೇಕಿತ್ತು, ಅಲ್ವಾ? ಹಳೇ ಬಿಲ್ ಹುಡುಕಿದೆ. ಹಿಂದೆ ಹಾಕಿದ್ದವರು ಜಿಎಲ್-5 ಹಾಕಿದ್ದರು. ಜಿಎಲ್ ಅನ್ನೋದು ಗೇರ್ ಆಯಿಲ್‌ನ ದರ್ಜೆ; ಐದರಲ್ಲಿ ಒತ್ತಡ ತಡೆಯುವ ಗಂಧಕದ ಮಿಶ್ರಣ ನಾಲ್ಕಕ್ಕಿಂತ ಜಾಸ್ತಿ. ನಾನು ಸುರಿದ 140ರ ಡಬ್ಬದ ಮೇಲೂ ಜಿಎಲ್-5. ಗಾಡಿಯ ಪುಸ್ತಕದಲ್ಲಿ ಮಾತ್ರ ಜಿಎಲ್-4, 75ಡಬ್ಲ್ಯೂ-90. ನಾಲ್ಕಕ್ಕಿಂತ ಐದು ದೊಡ್ಡದು, ಆದ್ದರಿಂದ ಒಳ್ಳೇದು ಅನ್ನೋ ಲೆಕ್ಕ! ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಸರಿ, ಅಲ್ಲಿ ಜಾರಿದಷ್ಟೂ ಒಳ್ಳೇದು. ಸಿಂಕ್ರೊ ಮಾತ್ರ ಜಾರಬಾರದು, ಹಿಡಿಯಬೇಕು.

ಹಿಡಿತದ ಮಾತು ಬಿಡಿ, ಹಿತ್ತಾಳೆಗೂ ಗಂಧಕಕ್ಕೂ ಆಗಿಬರುವುದಿಲ್ಲ ಅಂತಾರಲ್ಲ, ಅದನ್ನೂ ಸುಮ್ನೆ ನೋಡಿದೆ. ಒಂದೇ ಥರದ ಎರಡು ಹಿತ್ತಾಳೆ ಕೀಲಿಗಳನ್ನು ಎರಡು ಆಯಿಲ್‌ನಲ್ಲಿ ಮುಳುಗಿಸಿ ಬಿಸಿಲಿಗಿಟ್ಟೆ. ಸುಮಾರು ಆರು ವಾರಕ್ಕೆ ಜಿಎಲ್-5ರದ್ದು ಕಂದಿತ್ತು, ಇನ್ನೊಂದು ಹಾಗೇ ಇತ್ತು. ಈಗಿನ ಎಲ್ಲ ಜಿಎಲ್-5 ಹೀಗೆ ಮಾಡುವುದಿಲ್ಲ, ನನ್ನ ಡಬ್ಬದ್ದು ಮಾಡಿತು.

ಕೊನೆಗೆ ಸಿಂಥೆಟಿಕ್ ಜಿಎಲ್-4 ತಂದೆ. ಡಬ್ಬದ ಮೇಲೆ 4 ಮತ್ತು 5 ಎರಡೂ ಅಚ್ಚಾಗಿದ್ದನ್ನು ಬೇಕಂತಲೇ ಬಿಟ್ಟೆ. ಒಳಗೆ ಹಳೆಯದು ಅಂಟಿರುತ್ತೆ, ಹಾಗಾಗಿ ಒಂದು ಸಲ ಅಗ್ಗದ ಜಿಎಲ್-4 ಹಾಕಿ, ಇನ್ನೂರು ಕಿಲೋಮೀಟರ್ ಓಡಿಸಿ, ಬಿಸಿಯಿದ್ದಾಗಲೇ ಇಳಿಸಿದೆ. ಬಿಳಿ ಮುಚ್ಚಳದಲ್ಲಿ ನಾಲ್ಕು ಹನಿ ಹಿಡಿದು ಬಿಸಿಲಲ್ಲಿ ಓರೆ ಮಾಡಿ ನೋಡಿದೆ. ಚಿನ್ನದ ಪುಡಿಯಂಥ ಮಿಣುಕು ಇತ್ತು, ಅದು ಸಿಂಕ್ರೊದ್ದೇ. ಆದರೆ ಚಕ್ಕೆ ಇಲ್ಲ. ಆಯಿಲ್ ಇಳಿಸುವ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಮಾತ್ರ, ಅದು ಮಾಮೂಲಿ ಸವೆತದ ಪುಡಿ. ರಿಂಗ್ ಬದುಕಿದೆ ಅಂದುಕೊಂಡೆ.

ಹೊಸದು ಹಾಕಿದ ದಿನವೇ ಪವಾಡ ಆಗಲಿಲ್ಲ. ನಾನೂರು ಕಿಲೋಮೀಟರ್ ಹೊತ್ತಿಗೆ ಒಂದು ಬೆಳಗ್ಗೆ ಎರಡನೇ ಗೇರು ಸದ್ದಿಲ್ಲದೆ ಬಿತ್ತು. ಈಗ ಒಳಗಿರುವುದು ಪೂರ್ತಿ 75ಡಬ್ಲ್ಯೂ-90 ಅಲ್ಲ, ಅದೇ ಕಂಪನಿಯ 75ಡಬ್ಲ್ಯೂ-80 ಸ್ವಲ್ಪ ಬೆರೆಸಿದ್ದೇನೆ. ಎಷ್ಟು ಅಂತ ಕೇಳಬೇಡಿ, ಅದಕ್ಕೆ ಎರಡು ಚಳಿಗಾಲ ಕಳೆದಿದ್ದೇನೆ.

ಹಾಳು ಮಾಡಿದ ಆಯಿಲ್ ಎಲ್ಲ ಸೇರಿಸಿದರೂ ಗೇರ್‌ಬಾಕ್ಸ್ ಇಳಿಸಲು ಕೇಳಿದ್ದರ ಹತ್ತನೇ ಒಂದು ಭಾಗವಷ್ಟೇ ಖರ್ಚು. ಅದರಲ್ಲೂ ಅರ್ಧ ನನ್ನ ಆತುರಕ್ಕೆ ಹೋದದ್ದು. ಒಮ್ಮೆ ಡ್ರೈನ್ ಮಾಡಿದ ಮೇಲೆ ಫಿಲ್ಲರ್ ಪ್ಲಗ್ (ಹೊಸ ಆಯಿಲ್ ತುಂಬುವ ತೂತಿನ ಬಿರಡೆ) ಕಚ್ಚಿಕೊಂಡು ಎರಡು ದಿನ ಗಾಡಿ ಖಾಲಿ ಹೊಟ್ಟೆಯಲ್ಲಿ ನಿಂತಿತ್ತು.

ನಕ್ಕಿದ್ದ ಗೆಳೆಯ ಈ ಭಾನುವಾರ ತನ್ನ ಗಾಡಿ ತರುತ್ತಾನಂತೆ. ಫಿಲ್ಲರ್ ಪ್ಲಗ್ ಸಡಿಲ ಆಗುತ್ತಾ ನೋಡ್ಕೊಂಡು ಬಾ ಅಂದಿದ್ದೇನೆ.