ಜಾಗಕ್ಕೆ ಪಿನ್, ಹಿಡಿತಕ್ಕೆ ಸ್ಕ್ರೂ: ಚಾಕುವಿನ ಸಣ್ಣ ಭಾಗಗಳಿಗೆ ಫಿಕ್ಸ್ಚರ್ ಮಾಡುವ ಬಗೆ

ಮಡಚುವ ಚಾಕುವಿನ ಲೈನರ್ (ಹಿಡಿಯ ಒಳಗಿನ ಲೋಹದ ಪಟ್ಟಿ) ಒಂದನ್ನು ವೈಸಿಗೆ ಕಚ್ಚಿಸಿ ನೋಡಿ. 1.5 ಮಿಮೀ ದಪ್ಪದ ಟೈಟಾನಿಯಂ ಪಟ್ಟಿ ಅದು. ಬಿಗಿದರೆ ಕಮಾನಿನಂತೆ ಬಾಗುತ್ತದೆ, ಸಡಿಲ ಬಿಟ್ಟರೆ ಎಂಡ್ ಮಿಲ್ (ತಿರುಗುತ್ತ ಲೋಹ ಕಡಿಯುವ ಕಟರ್) ತಗುಲಿದೊಡನೆ ಎಗರುತ್ತದೆ. ಸುತ್ತಲಿನ ಅಂಚನ್ನೆಲ್ಲ ಕಡಿಯಬೇಕಾಗಿರುವುದರಿಂದ ಹಿಡಿಯಲು ಅಂಚೇ ಸಿಗುವುದಿಲ್ಲ. ಇಂಥ ಜಾಬಿಗೆ (ಕಡಿಯಬೇಕಾದ ಭಾಗಕ್ಕೆ) ಅದರೊಳಗಿನ ತೂತುಗಳೇ ಆಧಾರ; ಆ ತೂತುಗಳಿಗೆ ಪಿನ್ ತೂರಿಸಿ ಜಾಬನ್ನು ಹಿಡಿದಿಡುವ ಪ್ಲೇಟೇ ಫಿಕ್ಸ್ಚರ್. ಹಾಗಾಗಿ ಕೆಲಸದ ಕ್ರಮವೂ ಅಲ್ಲಿಂದಲೇ ಶುರುವಾಗುತ್ತದೆ: ಮೊದಲು ತೂತು, ಆಮೇಲೆ ಹೊರ ಆಕಾರ.

ಮೊದಲ ಸೆಟ್ಟಿಂಗ್ ಸರಳ. ಜಾಬಿಗಿಂತ ಸುತ್ತಲೂ 10 ಮಿಮೀ ದೊಡ್ಡದಾದ ಶೀಟನ್ನು ಅಂಚಿನಲ್ಲಿ ಕ್ಲಾಂಪ್ ಮಾಡಿ, ಎಲ್ಲ ತೂತುಗಳನ್ನೂ ಅದೇ ಸೆಟ್ಟಿಂಗಿನಲ್ಲಿ ಮುಗಿಸಿ. ಪಿವೋಟ್ ತೂತು (ಅಲಗು ತಿರುಗುವ ಕೇಂದ್ರ) ಮತ್ತು ಫಿಕ್ಸ್ಚರಿನ ಎರಡನೇ ಪಿನ್ ಕೂರುವ ತೂತಿಗೆ ಬರೀ ಡ್ರಿಲ್ ಸಾಲದು, ತೂತನ್ನು ನಿಖರ ಅಳತೆಗೆ ತರುವ ರೀಮರ್ ಹಾಕಬೇಕು. ಎರಡೂ ಕಡೆಯ ಬರ್ (ತೂತಿನ ಅಂಚಿಗೆ ಎದ್ದ ಲೋಹದ ಮುಳ್ಳು) ತೆಗೆಯುವುದನ್ನು ಮರೆಯಬೇಡಿ. ಬರ್ ಉಳಿದ ಶೀಟು ಮುಂದಿನ ಫಿಕ್ಸ್ಚರಿನಲ್ಲಿ ಸಪಾಟಾಗಿ ಕೂರುವುದೇ ಇಲ್ಲ.

ಯಾವ ಎರಡು ತೂತು?

ಬಿಡಿಯಾದ ವಸ್ತು ಮೂರು ದಿಕ್ಕಿಗೆ ಸರಿಯಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ಸಪಾಟು ತಳ ಈ ಆರರಲ್ಲಿ ಮೂರನ್ನು ತಡೆಯುತ್ತದೆ, ದುಂಡು ಪಿನ್ ಎರಡನ್ನು, ಮತ್ತೊಂದು ಪಿನ್ ಉಳಿದದ್ದನ್ನು. ಏಳನೆಯ ತಡೆ ಹಾಕಿದರೆ ಜಾಬ್ ಸಿಕ್ಕಿಹಾಕಿಕೊಳ್ಳುತ್ತದೆ.

ದುಂಡು ಪಿನ್ ಪಿವೋಟ್ ತೂತಿಗೇ ಇರಲಿ. ಅಲಗು ತಿರುಗುವುದು, ಲಾಕ್ ಕೂರುವುದು, ತುದಿ ಹಿಡಿಯೊಳಗೆ ಅಡಗುವುದು ಎಲ್ಲವೂ ಆ ಕೇಂದ್ರದ ಲೆಕ್ಕದಲ್ಲೇ. ಡ್ರಾಯಿಂಗಿನ ಸೊನ್ನೆ (ಅಳತೆ ಶುರುವಾಗುವ ಬಿಂದು), ಮಷಿನ್ನಿನ ಸೊನ್ನೆ, ಫಿಕ್ಸ್ಚರಿನ ಸೊನ್ನೆ ಮೂರೂ ಅಲ್ಲೇ ಕೂಡಿದರೆ ಅರ್ಧ ತಲೆನೋವು ಹೋಯಿತು.

ಎರಡನೆಯದನ್ನು ಆದಷ್ಟು ದೂರದಲ್ಲಿ ಆರಿಸಿ. ಪಿನ್‌ಗೂ ತೂತಿಗೂ 0.01 ಮಿಮೀ ಸಡಿಲು ಇದೆ ಎನ್ನಿ. ಎರಡನೇ ಪಿನ್ 12 ಮಿಮೀ ದೂರದ ಸ್ಟಾಪ್ ಪಿನ್ (ಅಲಗನ್ನು ತಡೆದು ನಿಲ್ಲಿಸುವ ಪಿನ್) ತೂತಿನಲ್ಲಿದ್ದರೆ, ಪಿವೋಟಿನಿಂದ 100 ಮಿಮೀ ಆಚೆಯ ಬಾಲದ ತುದಿ ಅತ್ತಿತ್ತ 0.08 ಮಿಮೀ ಓಡಾಡುತ್ತದೆ. ಅದೇ 80 ಮಿಮೀ ದೂರದ ತೂತಿನಲ್ಲಿದ್ದರೆ ಓಡಾಟ 0.013ಕ್ಕೆ ಇಳಿಯುತ್ತದೆ. ರೀಮರ್ ಅದೇ, ಪಿನ್ ಅದೇ. ಜಾಗ ಬದಲಾಯಿತು, ಅಷ್ಟೇ.

ಈ ಎರಡನೇ ಪಿನ್ ಪೂರ್ತಿ ದುಂಡಗಿರಬಾರದು. ಫಿಕ್ಸ್ಚರಿನ ಅಲ್ಯೂಮಿನಿಯಂ ಪ್ಲೇಟೂ ಟೈಟಾನಿಯಂ ಜಾಬೂ 10 ಡಿಗ್ರಿ ಬಿಸಿಯಾದರೆ 80 ಮಿಮೀ ಅಂತರದಲ್ಲಿ ಅಲ್ಯೂಮಿನಿಯಂ 0.018 ಮಿಮೀ ಹಿಗ್ಗುತ್ತದೆ, ಟೈಟಾನಿಯಂ 0.007 ಮಾತ್ರ. ಆ ವ್ಯತ್ಯಾಸವೇ ಸಡಿಲನ್ನು ನುಂಗಿ ಹಾಕುತ್ತದೆ. ಬೆಳಿಗ್ಗೆ ಸಲೀಸಾಗಿ ಕೂತ ಜಾಬ್ ಮಧ್ಯಾಹ್ನ ಕೂರುವುದಿಲ್ಲ. ಮೊದಲ ಪಿನ್ನಿನ ಕಡೆಗೂ ಅದರ ವಿರುದ್ಧ ಕಡೆಗೂ ಇರುವ ಎರಡು ಮೈಗಳನ್ನು ಉಜ್ಜಿ ಚಪ್ಪಟೆ ಮಾಡಿ. 4 ಮಿಮೀ ಪಿನ್ನಿನಲ್ಲಿ ಉಳಿದೆರಡು ಬದಿಗೆ ಸುಮಾರು 1 ಮಿಮೀ ಅಗಲದ ದುಂಡು ಅಂಚು ಉಳಿದರೆ ಸಾಕು. ಅದು ತಿರುಗುವುದನ್ನು ತಡೆಯುತ್ತದೆ, ಹಿಗ್ಗುವುದಕ್ಕೆ ಎಡೆ ಕೊಡುತ್ತದೆ.

ಪ್ಲೇಟ್ ಮತ್ತು ಪಿನ್

16ರಿಂದ 20 ಮಿಮೀ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ತೆಗೆದುಕೊಳ್ಳಿ. ಮಷಿನ್ನಿಗೆ ಕಟ್ಟಿದ ಮೇಲೆಯೇ ಅದರ ಮೇಲ್ಮೈಗೆ ಒಂದು ತೆಳು ಕಟ್ ಹಾಕಿ. ಆಗ ಆ ಮೈ ಮಷಿನ್ನಿನ ಚಲನೆಗೆ ನಿಜವಾಗಿ ಸಮಾಂತರವಾಗುತ್ತದೆ.

ಪಿನ್ ತೂತಿಗೆ ಮೊದಲು 0.2 ಮಿಮೀ ಚಿಕ್ಕ ಡ್ರಿಲ್, ನಂತರ ಎಚ್7 (ತೂತಿನ ನಿಖರತೆಯ ಒಂದು ದರ್ಜೆ) ರೀಮರ್. ತೂತು ಆರಪಾರ ಇರಲಿ, ಕೆಳಗಿನ ಭಾಗ ಪಿನ್ನಿಗಿಂತ ಸಣ್ಣದಾಗಿರಲಿ. ಗಾಳಿ ಒಳಗೆ ಸಿಕ್ಕಿ ಪಿನ್ ಮೇಲೇಳುವುದಿಲ್ಲ, ಸವೆದ ಪಿನ್ನನ್ನು ಕೆಳಗಿಂದ ತಟ್ಟಿ ತೆಗೆಯಬಹುದು.

ಹೊಸಬರು ಎಡವುವುದು ಇಲ್ಲಿ. ಬಿಗಿಯಾಗಿ ಕೂರುವ 5 ಮಿಮೀ ಡೋವೆಲ್ ಪಿನ್ನಿನ (ಜಾಗ ಹಿಡಿಯುವ ದುಂಡು ಸ್ಟೀಲ್ ಪಿನ್) ನಿಜವಾದ ಅಳತೆ 5.004ರಿಂದ 5.012. ಪ್ಲೇಟಿನಲ್ಲಿ ಬಿಗಿಯಾಗುವ ಆ ಪಿನ್ ಅದೇ ರೀಮರಿನಿಂದ ಮಾಡಿದ ಜಾಬಿನ ತೂತಿನಲ್ಲೂ ಬಿಗಿಯಾಗುತ್ತದೆ. ಹಾಕಲು ಸುತ್ತಿಗೆ, ತೆಗೆಯಲು ಸ್ಕ್ರೂಡ್ರೈವರ್ ಎಂಬ ಸ್ಥಿತಿ. ತೆಗೆಯುವಷ್ಟರಲ್ಲಿ ಲೈನರ್ ಬಾಗಿರುತ್ತದೆ. ಹೊರಗೆ ಕಾಣುವ ಭಾಗವನ್ನು ಲೇತಿನಲ್ಲಿ ತಿರುಗಿಸುತ್ತ ಸಣ್ಣ ಎಮರಿ ಕಾಗದದಿಂದ 4.99ಕ್ಕೆ ಇಳಿಸಿ, ತುದಿಗೆ 0.3 ಮಿಮೀ ಇಳಿಜಾರು ಕೊಡಿ. ಜಾಬ್ ಬೆರಳ ಒತ್ತಡಕ್ಕೇ ಜಾರಿ ಕೂರಬೇಕು, ಕೂತ ಮೇಲೆ ಕಟಕಟ ಅಲುಗಬಾರದು.

ಹಿಡಿತ

ಹಿಡಿಯ ಸ್ಕ್ರೂ ತೂತುಗಳ ಮೂಲಕವೇ ಎಂ2.5 (2.5 ಮಿಮೀ ವ್ಯಾಸದ) ಸ್ಕ್ರೂ ಹಾಕಿ. ತೂತು 2.9 ಮಿಮೀ ಇರಲಿ, ಸ್ಕ್ರೂ ಅದರ ಗೋಡೆ ಮುಟ್ಟದಿರಲಿ. ಜಾಗ ತೋರಿಸುವ ಕೆಲಸ ಸ್ಕ್ರೂವಿನದಲ್ಲ. ಗೋಡೆ ಮುಟ್ಟಿದರೆ ಬಿಗಿಯುವಾಗ ಅದೇ ಜಾಬನ್ನು ಎಳೆದೊಯ್ಯುತ್ತದೆ. 0.5 ನ್ಯೂಟನ್-ಮೀಟರ್ ಬಿಗಿದರೆ ಒಂದೊಂದು ಸ್ಕ್ರೂ ಸುಮಾರು 1000 ನ್ಯೂಟನ್ ಒತ್ತುತ್ತದೆ. ದಿನವಿಡೀ ಬಿಚ್ಚಿ ಕಟ್ಟುವ ಅಲ್ಯೂಮಿನಿಯಂ ಥ್ರೆಡ್ ಬೇಗ ಹರಿಯುವುದರಿಂದ ಸ್ಟೀಲಿನ ತಂತಿ ಇನ್ಸರ್ಟ್ (ತೂತಿನೊಳಗೆ ಕೂತು ಥ್ರೆಡ್ ಆಗುವ ಸುರುಳಿ) ಮೊದಲೇ ಕೂರಿಸಿಬಿಡಿ.

ವ್ಯಾಕ್ಯೂಮ್ ಬಳಸಬಾರದೇ ಎಂದು ಕೇಳುವವರಿಗೆ ಲೆಕ್ಕ ಹೀಗಿದೆ: 100 × 25 ಮಿಮೀ ಜಾಬಿನ ಮೇಲೆ ಪೂರ್ಣ ನಿರ್ವಾತವೂ 250 ನ್ಯೂಟನ್ ಮಾತ್ರ ಒತ್ತುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವ ಘರ್ಷಣೆ ಅದರ ಐದನೇ ಒಂದು ಪಾಲಿನಷ್ಟು. ಲೋಹಕ್ಕೆ ಇದು ಸಾಲದು.

ಸ್ಕ್ರೂಗಳ ನಡುವೆ ಲೈನರ್ ಡ್ರಮ್ಮಿನಂತೆ ಅದುರುತ್ತದೆ, ಅಂಚಿನಲ್ಲಿ ಅಲೆಅಲೆಯ ಗುರುತು ಬೀಳುತ್ತದೆ. ಇದಕ್ಕೆ ಮೇಲೊಂದು 4 ಮಿಮೀ ಸ್ಟೀಲ್ ಪಟ್ಟಿ ಹಾಕಿ ಒತ್ತಿ. ಅದರ ಆಕಾರ ಲೈನರಿನದೇ, ಆದರೆ ಸುತ್ತಲೂ 2 ಮಿಮೀ ಒಳಗೆ. ಪಿನ್ನುಗಳು ತಗುಲದಂತೆ ಅವುಗಳ ಜಾಗದಲ್ಲಿ ಅರ್ಧ ಮಿಮೀ ದೊಡ್ಡ ತೂತಿರಲಿ. ಕಟರ್ ಹೋಲ್ಡರ್ ಸ್ಕ್ರೂ ತಲೆಗೆ ಬಡಿಯದಂತೆ ಕಟರ್ 10 ಮಿಮೀಯಷ್ಟು ಹೊರಗಿರಬೇಕು.

ಕೆಳಗಿನ ಪ್ಲೇಟಿನಲ್ಲಿ ಹೊರರೇಖೆಯ ಗುಂಟ 4 ಮಿಮೀ ಅಗಲ, 1 ಮಿಮೀ ಆಳದ ಕಾಲುವೆ ತೋಡಿ. 3 ಮಿಮೀ ಎಂಡ್ ಮಿಲ್ ಜಾಬಿನ ತಳದಿಂದ 0.3 ಮಿಮೀ ಕೆಳಗಿಳಿದು ಅಂಚನ್ನು ಸ್ವಚ್ಛವಾಗಿ ಕಡಿಯುತ್ತದೆ, ಚಿಪ್ಸ್ ಕಾಲುವೆಗೆ ಬೀಳುತ್ತವೆ. ಕಾಲುವೆಗೆ ಒಂದು ಬದಿಯಿಂದ ಹೊರದಾರಿ ಬಿಡಿ. ಲಾಕ್ ಬಾರ್ (ತೆರೆದ ಅಲಗನ್ನು ತಡೆದಿಡುವ, ಲೈನರಿನದೇ ಪಟ್ಟಿ) ಬಿಡಿಸುವ ಸೀಳನ್ನು ಕೊನೆಗೆ ಕಡಿಯಿರಿ. ಒಮ್ಮೆ ಬಿಡುಗಡೆಯಾದ ಬಾರ್ ಸ್ಪ್ರಿಂಗಿನಂತೆ ಕುಣಿಯುತ್ತದೆ. ಟೈಟಾನಿಯಂ ಚಿಪ್ಸ್ ಹೊತ್ತಿಕೊಳ್ಳಬಲ್ಲವು, ರಾಶಿ ಬೀಳಲು ಬಿಡಬೇಡಿ. ಹೊತ್ತಿದರೆ ನೀರು ಹಾಕಬಾರದು, ಒಣ ಮರಳು ಬೇಕು.

ಅಲಗಿನ ಇಳಿಜಾರು

3 ಮಿಮೀ ದಪ್ಪದ ಅಲಗು, ಅಂಚಿನಲ್ಲಿ 0.4 ಮಿಮೀ ಉಳಿಯಬೇಕು, ಇಳಿಜಾರಿನ ಎತ್ತರ 15 ಮಿಮೀ. ಒಂದು ಬದಿಯಲ್ಲಿ 1.3 ಮಿಮೀ ಹೋಗಬೇಕು, 1.3 ಭಾಗಿಸು 15, ಕೋನ ಸುಮಾರು 4.95 ಡಿಗ್ರಿ. ಫಿಕ್ಸ್ಚರಿನ ಕೂರುವ ಮೈಯನ್ನು ಅಷ್ಟು ಓರೆ ಮಾಡಿದರೆ ಮೊದಲ ಬದಿ ಮುಗಿಯಿತು.

ಅದೇ ಫಿಕ್ಸ್ಚರಿನ ಕನ್ನಡಿ ಬಿಂಬ ಎರಡನೇ ಬದಿಗೆ ಸಾಕು ಎಂದುಕೊಂಡರೆ ಅಲಗು ಹಾಳಾಗುತ್ತದೆ. ತಿರುವಿ ಹಾಕಿದಾಗ ಕಡಿದ ಇಳಿಜಾರು ಕೆಳಗೆ ಬರುತ್ತದೆ, ಅದರಡಿ ಟೊಳ್ಳು. ಅತಿ ತೆಳುವಾಗಬೇಕಾದ ಕಡೆಯೇ ಆಧಾರವಿಲ್ಲದೆ ಅಂಚು ಕೆಳಗೆ ಬಾಗುತ್ತದೆ, ಕಟರ್ ದಾಟಿದ ಮೇಲೆ ಮೇಲೇಳುತ್ತದೆ. ಅಂಚು ಒಂದು ಕಡೆ 0.4, ಇನ್ನೊಂದು ಕಡೆ 0.6 ಆಗುತ್ತದೆ. ಎರಡನೇ ಫಿಕ್ಸ್ಚರಿಗೆ ಎರಡು ಮೈ ಬೇಕು: ಸಪಾಟು ಭಾಗಕ್ಕೆ 4.95 ಡಿಗ್ರಿ, ಕಡಿದ ಇಳಿಜಾರಿಗೆ 9.9 ಡಿಗ್ರಿ.

ಗಟ್ಟಿ ಮಾಡಿದ ಅಲಗು ಸ್ವಲ್ಪ ಬಾಗಿರುವುದು ಸಾಮಾನ್ಯ. ಅದನ್ನು ಸ್ಕ್ರೂ ಬಲದಿಂದ ಸಪಾಟಾಗಿ ಒತ್ತಿ ಕಡಿದರೆ, ಬಿಚ್ಚಿದ ಕ್ಷಣ ಮೊದಲಿನ ಬಾಗಿಗೇ ಮರಳುತ್ತದೆ. ಮೊದಲು ನೇರ ಮಾಡಿ, ಉಳಿದ ಸಂದಿಗೆ ತೆಳು ಶಿಮ್ (ಸಂದಿ ತುಂಬುವ ಹಾಳೆ) ಇಟ್ಟು, ಆಮೇಲೆ ಬಿಗಿಯಿರಿ.

ಜಿ10 (ಗಾಜಿನ ನಾರು ಮತ್ತು ರಾಳದ ಹಲಗೆ) ಹಿಡಿಪಟ್ಟಿಯ ಒಳಬದಿಗೆ ಇದೇ ಪಿನ್ ಪ್ಲೇಟ್ ಸಾಕು. ಹೊರಬದಿಯ ಉಬ್ಬಿಗೆ ಮಾತ್ರ ಅದರ ಆಕಾರವನ್ನೇ ಕೊರೆದ ಅಲ್ಯೂಮಿನಿಯಂ ಸಾಫ್ಟ್ ಜಾ (ವೈಸಿನ ಮೆತ್ತನೆಯ ದವಡೆ) ಒಳ್ಳೆಯದು. ಧೂಳು ಗಾಜಿನ ನಾರಿನದು, ಎಳೆದುಕೊಳ್ಳುವ ಯಂತ್ರ ಮತ್ತು ಮಾಸ್ಕ್ ಇಲ್ಲದೆ ಕಡಿಯಲೇಬೇಡಿ.

ನಂಬುವ ಮೊದಲು

ಎಡ ಬಲ ಲೈನರ್ ಅದಲುಬದಲಾಗದಂತೆ, ತಪ್ಪಾಗಿ ಇಟ್ಟರೆ ಅಡ್ಡ ಬರುವ ಮೂರನೇ ಗಿಡ್ಡ ಪಿನ್ ಒಂದನ್ನು ಕಾಲುವೆಯಿಂದ ಹೊರಗೆ ನೆಡಿ. ನಂತರ ಒಂದೇ ಜಾಬನ್ನು ಐದು ಬಾರಿ ಬಿಚ್ಚಿ ಕಟ್ಟಿ, ಪ್ರತಿ ಬಾರಿ ಬಾಲದ ತುದಿಗೆ ಡಯಲ್ ಗೇಜ್ ಹಿಡಿಯಿರಿ. ಮುಳ್ಳು 0.02 ಮಿಮೀ ಒಳಗೆ ನಿಂತರೆ ಕೆಲಸ ಶುರುಮಾಡಬಹುದು. ಪಕ್ಕಕ್ಕೆ ಹಾರಿದರೆ ಪಿನ್ ಸಡಿಲ. ಎತ್ತರದಲ್ಲಿ ಹಾರಿದರೆ ತಳದಲ್ಲಿ ಚಿಪ್ ಕೂತಿದೆ: 25 ಮಿಮೀ ಅಗಲದ ಜಾಬಿನ ಒಂದು ಅಂಚಿನಡಿ 0.05 ಮಿಮೀ ಕಸ ಸಿಕ್ಕರೂ 0.1 ಡಿಗ್ರಿಗಿಂತ ಹೆಚ್ಚು ಓರೆಯಾಗುತ್ತದೆ. ಗಾಳಿ ಹೊಡೆದರೆ ಚಿಪ್ಸ್ ಪಿನ್ನಿನ ಬುಡಕ್ಕೇ ನುಗ್ಗುತ್ತವೆ. ಬ್ರಷ್ಷಿನಿಂದ ಗುಡಿಸಿ, ಕೊನೆಗೆ ಬರಿ ಬೆರಳಿನಿಂದ ಒಮ್ಮೆ ಸವರಿ ನೋಡಿ.