ಗೇಟೇ ಇಲ್ಲದ ಬೀಚಿಗೆ ಬೀಗ ಹಾಕಿದ್ದು

2020ರ ಮಾರ್ಚ್ ಮೂರನೇ ವಾರ. ರಾತ್ರಿ ಹತ್ತೂವರೆಗೆ ವಾಟ್ಸಾಪಿನಲ್ಲಿ ಎರಡು ಪುಟದ ಪಿಡಿಎಫ್ ಬಂತು. ಕೊರೊನಾ ಕಾರಣ ಬೀಚ್‌ಗಳಿಗೆ ಸಾರ್ವಜನಿಕರು ಹೋಗುವಂತಿಲ್ಲ, ನಾಳೆಯಿಂದಲೇ ಜಾರಿ, ಸ್ಥಳೀಯ ಸಂಸ್ಥೆಗಳು ಕ್ರಮ ಕೈಗೊಳ್ಳಬೇಕು ಅಂತ ಇತ್ತು. ಆ ಸ್ಥಳೀಯ ಸಂಸ್ಥೆ ಅಂದರೆ ನಾನೇ. ಬೈಂದೂರು ತಾಲೂಕಿನ ಕಡಲಂಚಿನ ಒಂದು ಪಂಚಾಯ್ತಿಯಲ್ಲಿ ಆಗ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಆಗಿದ್ದೆ. ಹುಟ್ಟೂರು ಚಿತ್ರದುರ್ಗದ ಕಡೆ. ಕೆರೆ ನೋಡಿ ಬೆಳೆದವಳು. ಕಡಲಿನ ಬಗ್ಗೆ ನನಗೆ ಗೊತ್ತಿದ್ದದ್ದು, ಅದು ಉಪ್ಪು ಅನ್ನುವುದಷ್ಟೇ.

ಆ ವಾರ ಬೀಚಿಗೆ ಜನ ಜಾಸ್ತಿಯಾಗಿದ್ದಕ್ಕೂ ಕಾರಣ ಇತ್ತು. ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲ್, ಸಿನಿಮಾ ಥಿಯೇಟರ್ ಎಲ್ಲ ಮುಚ್ಚಿದ್ದರು. ಕಾಲೇಜಿಗೂ ರಜೆ. ಹುಡುಗರು ಎಲ್ಲಿಗೆ ಹೋಗಬೇಕು? ಬೈಕ್ ಹತ್ತಿ ಸೀದಾ ಸಮುದ್ರಕ್ಕೆ ಬಂದರು. ಒಂದು ಕಡೆ ಮುಚ್ಚಿದರೆ ಜನ ಇನ್ನೊಂದು ಕಡೆ ಸೇರುತ್ತಾರೆ. ಥಿಯೇಟರ್ ಮುಚ್ಚುವುದಾದರೆ ಶಟರ್ ಎಳೆದರೆ ಮುಗಿಯಿತು. ಬೀಚಿಗೆ ಶಟರ್ ಎಲ್ಲಿದೆ? ಪಕ್ಕದ ಮರವಂತೆಯಲ್ಲಂತೂ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಕಾರಿನ ಬಾಗಿಲು ತೆಗೆದರೆ ಬೀಚು. ನಮ್ಮದು ಅಷ್ಟು ಕಷ್ಟದ್ದಲ್ಲ, ಆದರೂ ನಾಲ್ಕು ಕಿಲೋಮೀಟರ್ ಉದ್ದ.

ಬೆಳಿಗ್ಗೆ ಆರಕ್ಕೆ ನಾನು, ಬಿಲ್ ಕಲೆಕ್ಟರ್, ವಾಟರ್‌ಮ್ಯಾನ್, ಠಾಣೆಯಿಂದ ಬಂದ ಒಬ್ಬ ಪೊಲೀಸ್, ನಾಲ್ವರೂ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆವು. ಗ್ರಾಮ ನಕಾಶೆಯಲ್ಲಿ ಕಡಲಿಗೆ ಹೋಗುವ ದಾರಿ ನಾಲ್ಕು. ನಡೆದು ಎಣಿಸಿದಾಗ ಇಪ್ಪತ್ಮೂರು. ತೆಂಗಿನ ತೋಟದ ನಡುವಿನ ಓಣಿ, ಭಜನಾ ಮಂದಿರದ ಹಿಂದಿನ ಸಂದು, ಯಾರದ್ದೋ ಮನೆಯ ಬಚ್ಚಲ ಪಕ್ಕದ ಕಾಲುದಾರಿ. ಹೊಯ್ಗೆಯಲ್ಲಿ, ಅಂದರೆ ಮರಳಲ್ಲಿ, ನಡೆಯುವ ಅಭ್ಯಾಸ ಇಲ್ಲದ ನನಗೆ ಅರ್ಧಕ್ಕೇ ಕಾಲು ಸೋತಿತ್ತು. ಆದರೆ ಆ ನಡಿಗೆ ಇಲ್ಲದಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. ಇಂಥ ಕೆಲಸ ಬಂದಾಗ ಮೊದಲು ನಡೆದು ನೋಡಿ. ಆಫೀಸಿನ ನಕಾಶೆ ನಂಬಬೇಡಿ.

ಅಧಿಕಾರದ ವಿಷಯ ಒಂದು ಮಾತು. ಬೀಚ್ ಮುಚ್ಚಿದ್ದು ಪಂಚಾಯ್ತಿ ಅಂತ ಊರವರು ಈಗಲೂ ಹೇಳುತ್ತಾರೆ. ನಿಜದಲ್ಲಿ ಆಗ ಸೆಕ್ಷನ್ 144ರ ಆದೇಶ ಹೊರಡಿಸುತ್ತಿದ್ದದ್ದು ಜಿಲ್ಲಾಧಿಕಾರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೂ ಅವರೇ ಅಧ್ಯಕ್ಷರು. ಕೇಸು ಹಾಕುವುದು ಪೊಲೀಸರು. ಪಂಚಾಯ್ತಿಗೆ ಉಳಿಯುವುದು ಬೋರ್ಡು, ಹಗ್ಗ, ಮೈಕು ಮತ್ತು ಬೈಗುಳ.

ಮೊದಲ ದಿನವೇ ನಾನು ತಪ್ಪು ಮಾಡಿದೆ. ಗಾಳಿಮರದ ಕಂಬ ನೆಟ್ಟು ಹಗ್ಗ ಕಟ್ಟಿದ್ದೆವು. ಸಂಜೆಗೆ ಹಗ್ಗವೇ ಇಲ್ಲ. ಕಡಲ ಬದಿಯಲ್ಲಿ ಒಳ್ಳೆ ಹಗ್ಗ ಬಿಟ್ಟು ಬಂದರೆ ಇನ್ನೇನಾಗುತ್ತದೆ? ಸಿಟ್ಟಿನಲ್ಲಿ ಜೆಸಿಬಿ ತರಿಸಿ ಮುಖ್ಯ ದಾರಿಗೆ ಅಡ್ಡ ಹೊಂಡ ತೋಡಿಸಿದೆ. ಆ ದಿನಗಳಲ್ಲಿ ಎಷ್ಟೋ ಊರುಗಳಲ್ಲಿ ರಸ್ತೆ ಅಗೆದಿದ್ದರು, ಮಣ್ಣು ಸುರಿದಿದ್ದರು. ಟಿವಿಯಲ್ಲಿ ಅದನ್ನು ಮೆಚ್ಚಿ ತೋರಿಸುತ್ತಿದ್ದರು ಕೂಡ. ನನಗೂ ಒಳಗೊಳಗೇ ಹೆಮ್ಮೆ. ಮೂರನೇ ರಾತ್ರಿ ಹೊಂಡದ ಆಚೆಗಿನ ಒಂದು ಮನೆಯ ಅಜ್ಜನಿಗೆ ಎದೆನೋವು. ಆಟೋ ಬಂದು ಹೊಂಡದ ಈಚೆ ನಿಂತಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಹುಡುಗರು ಹೊತ್ತು ಹೊಂಡ ಇಳಿದು ಹತ್ತಿದರು. ಗ್ಯಾಸ್ಟ್ರಿಕ್ ಆಗಿತ್ತು, ಪುಣ್ಯ. ಬೆಳಗಾಗುವುದರೊಳಗೆ ನಾನೇ ಎದುರು ನಿಂತು ಹೊಂಡ ಮುಚ್ಚಿಸಿದೆ. ಆದರೆ "ಹೊಂಡದ ಮೇಡಂ" ಅನ್ನುವ ಹೆಸರು ಮಾತ್ರ ವರ್ಗಾವಣೆ ಆಗುವವರೆಗೂ ಬಿಡಲಿಲ್ಲ.

ಹೊಂಡ ಮುಚ್ಚಿದ ಮೇಲೆ ಅದರ ಹತ್ತಿರ ಕೂತು ಒಂದು ಸಂಜೆ ಸುಮ್ನೆ ನೋಡಿದೆ. ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಏನು ಮಾಡುತ್ತಾರೆ ಅಂತ. ಆಗ ಗೊತ್ತಾಗಿದ್ದು ಏನೆಂದರೆ, ದೂರದಿಂದ ಬರುವವರು ಇಪ್ಪತ್ಮೂರೂ ದಾರಿಯಲ್ಲಿ ಬರುವುದಿಲ್ಲ. ಅವರಿಗೆ ಗಾಡಿ ನಿಲ್ಲಿಸಲು ಜಾಗ ಬೇಕು. ನಮ್ಮಲ್ಲಿ ಅಂಥ ಜಾಗ ಒಂದೇ, ಒಬ್ಬರ ಖಾಸಗಿ ತೆಂಗಿನ ತೋಟ. ಕಾರಿಗೆ ಮೂವತ್ತು, ಬೈಕಿಗೆ ಹತ್ತು ರೂಪಾಯಿ ತೆಗೆದುಕೊಂಡು ಬಿಡುತ್ತಿದ್ದರು. ಅವರ ಮನೆಗೆ ಹೋಗಿ ಕೂತೆ. ಬೊಂಡ (ಎಳನೀರು) ಕೆತ್ತಿ ಕೊಟ್ಟರು. ನೋಟಿಸ್ ಕೊಡಲು ಬಂದೆ ಅಂದುಕೊಂಡಿದ್ದರಂತೆ. ನೋಟಿಸ್ ಇಲ್ಲ, ಒಂದು ಸರಪಳಿ ಮತ್ತು ಬೀಗ ಪಂಚಾಯ್ತಿಯಿಂದ ಕೊಡುತ್ತೇನೆ, ಕೀ ನಿಮ್ಮ ಹತ್ತಿರವೇ ಇರಲಿ ಅಂದೆ. ಕೀ ಅವರ ಕೈಯಲ್ಲೇ ಅಂದ ಕೂಡಲೇ ಮುಖ ಬದಲಾಯಿತು. ಮಾರನೇ ದಿನದಿಂದ ಕಾರುಗಳು ಬಂದವು, ಚೈನ್ ನೋಡಿದವು, ತಿರುಗಿ ಹೋದವು. ರಸ್ತೆ ಬದಿ ನಿಲ್ಲಿಸಿದವರನ್ನು ಪೊಲೀಸರು ನೋಡಿಕೊಂಡರು. ಇಪ್ಪತ್ತೆರಡು ದಾರಿಯನ್ನು ಹಾಗೇ ಬಿಟ್ಟುಬಿಟ್ಟೆವು.

ಆ ದಾರಿಗಳು ಊರವರದ್ದು. ಊರವರಿಗೆ ಅದು ಬೀಚೇ ಅಲ್ಲ, ಇದನ್ನು ನನಗೆ ಕಲಿಸಿದ್ದು ಮೀನು ಒಣಗಿಸುವ ಒಬ್ಬ ಅಮ್ಮ. ನಾನು ಮೈಕ್ ಹಿಡಿದು ಆಟೋದಲ್ಲಿ ಹೋಗುತ್ತಾ "ಬೀಚ್ ಬಂದ್ ಆಗಿದೆ, ಯಾರೂ ಬೀಚಿಗೆ ಬರಬಾರದು" ಅಂತ ಕೂಗುತ್ತಿದ್ದೆ. ಅವರು ಬಂಗುಡೆ ಹರಡುವುದನ್ನು ನಿಲ್ಲಿಸಲೇ ಇಲ್ಲ. ಇಳಿದು ಕೇಳಿದೆ. "ಹ್ವಾಯ್ ಮೇಡಂ, ನಾನ್ ಬೀಚಿಗ್ ಬಂದದ್ದಲ್ಲ, ಮೀನ್ ಒಣ್ಸುಕ್ ಬಂದದ್" ಅಂದರು. ತಮಾಷೆ ಮಾಡಲಿಲ್ಲ, ಅವರಿಗೆ ನಿಜಕ್ಕೂ ನನ್ನ ಮಾತು ತಮಗೆ ಸಂಬಂಧಿಸಿದ್ದು ಅನ್ನಿಸಿರಲಿಲ್ಲ. ಮಾರ್ಚ್‌ನಿಂದ ಮೇವರೆಗೆ ಮಳೆಗಾಲದ ಒಣಮೀನು ತಯಾರಾಗುವ ಹೊತ್ತು. ಅದು ತಪ್ಪಿದರೆ ಜೂನ್, ಜುಲೈಯಲ್ಲಿ ಮನೆಗೂ ಇಲ್ಲ, ಮಾರಲಿಕ್ಕೂ ಇಲ್ಲ. ಆ ದಿನ ಮಧ್ಯಾಹ್ನ ಕೂತು ಒಂದು ಪಟ್ಟಿ ಮಾಡಿದೆವು: ಯಾರಿಗೆ ಈ ಹೊಯ್ಗೆ ಯಾವ ಕೆಲಸಕ್ಕೆ ಬೇಕು. ಮೀನು ಒಣಗಿಸುವವರು. ಬಲೆ ಹೊಲಿಯುವವರು. ದೋಣಿ ಎಳೆಯುವವರು. ಬೂದಿ ಬಿಡಲು, ಅಮಾವಾಸ್ಯೆಗೆ ಸಮುದ್ರ ಸ್ನಾನಕ್ಕೆ ಬರುವವರು. ಇನ್ನೂ ಒಂದು ಸಾಲಿತ್ತು. ಬಯಲು ಶೌಚ ಮುಕ್ತ ಅಂತ ಘೋಷಣೆ ಆದ ಪಂಚಾಯ್ತಿಯಾದ್ದರಿಂದ ಆ ಸಾಲನ್ನು ಕಾಗದದಲ್ಲಿ ಬರೆಯಲಿಲ್ಲ.

ಪಟ್ಟಿಯನ್ನು ತಹಶೀಲ್ದಾರರಿಗೆ ತೋರಿಸಿ, ಬಾಯಿಮಾತಿನ ಒಪ್ಪಿಗೆ ಪಡೆದು, ಬೋರ್ಡ್ ಬದಲಾಯಿಸಿದೆ. ಮೊದಲನೇ ಬೋರ್ಡಿನಲ್ಲಿ "ಸಾರ್ವಜನಿಕರ ಪ್ರವೇಶವನ್ನು ನಿರ್ಬಂಧಿಸಲಾಗಿದೆ" ಅಂತ ಇತ್ತು, ಯಾರೂ ಓದಲಿಲ್ಲ. ಎರಡನೆಯದು "ಮೀನುಗಾರರಿಗೆ ಮಾತ್ರ". ಮಾರನೇ ದಿನವೇ ನಾಲ್ಕು ಜನ ಹುಡುಗರು ಗಾಳ ಹಿಡಿದು ಬಂದರು. ಗಾಳದ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಮೂರನೆಯದು ಉಳಿಯಿತು: "ಗಾಡಿ ನಿಲ್ಲಿಸಲು ಜಾಗ ಇಲ್ಲ. ವಾಪಸ್ ಹೋಗಿ."

ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶದ ಲಾಕ್‌ಡೌನ್. ಆಮೇಲೆ ಹೊರಗಿನವರ ತಲೆನೋವೇ ಇರಲಿಲ್ಲ, ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ. ತಲೆನೋವು ಶುರುವಾಗಿದ್ದು ಏಪ್ರಿಲ್ 10ಕ್ಕೆ ಕೇಂದ್ರ ಗೃಹ ಇಲಾಖೆ ಮೀನುಗಾರಿಕೆಗೆ ವಿನಾಯಿತಿ ಕೊಟ್ಟ ಮೇಲೆ. ಕೊಟ್ಟಿದ್ದು ಸರಿಯೇ. ಆದರೆ ಕೈರಂಪಣಿ ಬಲೆ ಎಳೆಯುವುದನ್ನು ನೀವು ನೋಡಿದ್ದೀರಾ? ಬಲೆಯ ಎರಡೂ ತುದಿಗೆ ಇಪ್ಪತ್ತಿಪ್ಪತ್ತು ಜನ, ಭುಜಕ್ಕೆ ಭುಜ ತಾಗಿಸಿ ಎಳೆಯಬೇಕು. ಅಲ್ಲಿ ಆರು ಅಡಿ ಅಂತರ ಅಂದರೆ ಬಲೆ ಕಡಲಿನಲ್ಲೇ ಇರುತ್ತದೆ. ನಾನು ಒಮ್ಮೆ ಹೇಳಿ ನೋಡಿದೆ, ಹಿರಿಯರೊಬ್ಬರು ಹಗ್ಗದ ತುದಿಯನ್ನೇ ನನ್ನ ಕೈಗೆ ಕೊಟ್ಟು "ಎಳೀರಿ ಕಾಂಬೊ" ಅಂದರು. ಎಳೆದೆ. ಆಮೇಲೆ ಮಾತಾಡಲಿಲ್ಲ.

ಎಳೆಯುವುದನ್ನು ಬದಲಾಯಿಸಲು ಆಗುವುದಿಲ್ಲ, ಆದರೆ ಎಳೆಯುವವರನ್ನು ಗೊತ್ತುಮಾಡಬಹುದಲ್ವಾ? ದಿನಾ ಅದೇ ನಲವತ್ತು ಜನ, ಇನ್ನೊಂದು ತಂಡದವರು ಬೆರೆಯುವಂತಿಲ್ಲ. ಯಾರಿಗಾದರೂ ಜ್ವರ ಬಂದರೆ ಆ ತಂಡ ಪೂರ್ತಿ ಮನೆಯಲ್ಲಿ. ನಿಜವಾದ ಗುಂಪು ಸೇರುತ್ತಿದ್ದದ್ದು ಮೀನು ದಡಕ್ಕೆ ಬಿದ್ದ ಮೇಲೆ, ಹರಾಜಿನಲ್ಲಿ. ಬುಟ್ಟಿ ಹಿಡಿದ ಹೆಂಗಸರು, ಟೆಂಪೋದವರು, ಸುಮ್ನೆ ನೋಡಲು ಬಂದವರು, ಎಲ್ಲರೂ ಒಂದೇ ರಾಶಿಯ ಸುತ್ತ. ಹರಾಜು ನಿಲ್ಲಿಸಿ ದರ ಮೊದಲೇ ಗೊತ್ತುಮಾಡಿ, ಚೀಟಿ ಕೊಟ್ಟು ಒಬ್ಬೊಬ್ಬರನ್ನೇ ಕರೆಯುವಂತೆ ಮಾಡಿದೆವು. ಎರಡು ದಿನ ಜಗಳ, ಮೂರನೇ ದಿನ ಅಭ್ಯಾಸ. ದರದಲ್ಲಿ ಮೋಸ ಆಗುತ್ತಿದೆ ಅಂತ ಒಂದಿಬ್ಬರು ಕೊನೆವರೆಗೂ ಗೊಣಗಿದರು. ಅವರ ಮಾತಲ್ಲಿ ಸ್ವಲ್ಪ ನಿಜವೂ ಇತ್ತು. ಹರಾಜಿದ್ದಿದ್ದರೆ ದರ ಏರುತ್ತಿದ್ದ ದಿನಗಳು ಇದ್ದವು.

ಬೀಚು ಮುಚ್ಚಿದ್ದರಿಂದ ಕೆಲಸ ಹೋದವರು ಯಾರು ಅಂತ ಯಾವ ಆದೇಶದಲ್ಲೂ ಇರಲಿಲ್ಲ. ಗೋಳಿಬಜೆ ಅಕ್ಕ, ಚರುಮುರಿ ಗಾಡಿಯ ಇಬ್ಬರು, ಬೊಂಡ ಮಾರುವವರು, ಕುದುರೆ ಓಡಿಸುತ್ತಿದ್ದ ಒಬ್ಬ ಹುಡುಗ. ರೇಷನ್ ಕಿಟ್ ಕೊಟ್ಟೆವು, ಅದು ಎಷ್ಟು ದಿನ? ಅವರಿಗೆಲ್ಲ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಮಾಡಿಸಿದೆ. ಆ ವರ್ಷ ದಿನಕ್ಕೆ 275 ರೂಪಾಯಿ ಕೂಲಿ. ಮಳೆ ಬರುವುದರೊಳಗೆ ತೋಡಿನ ಹೂಳು ತೆಗೆಯುವ ಕೆಲಸ ಹೇಗೂ ಇತ್ತು. ಗೋಳಿಬಜೆ ಅಕ್ಕ ಹಾರೆ ಹಿಡಿದು ಬಂದ ಮೊದಲ ದಿನ ಯಾರಿಗೂ ಮಾತಾಡಲು ಆಗಲಿಲ್ಲ, ಅವರೇ ನಗಿಸಿದರು. ಮುಂದೆ 2021ರಲ್ಲಿ ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ಅಂತ ಸರ್ಕಾರ ಘೋಷಿಸಿತು. ಅದು ಪಟ್ಟಣದಲ್ಲಿ ನೋಂದಣಿ ಆದವರಿಗೆ. ಪಂಚಾಯ್ತಿ ಗಡಿಯೊಳಗೆ ಬಜೆ ಕರಿದವರಿಗೆ ಇಲ್ಲ. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಮೇ ತಿಂಗಳಲ್ಲಿ ಬೀಚ್ ಮರೆತೇ ಹೋಯಿತು. ನಮ್ಮ ಕಡೆಯ ಪ್ರತಿ ಮನೆಗೂ ಮುಂಬೈಯ ಹೋಟೆಲಿನಲ್ಲಿ ಒಬ್ಬರಾದರೂ ಇದ್ದಾರೆ. ಅವರೆಲ್ಲ ವಾಪಸ್ ಬಂದರು. ಶಾಲೆ, ಹಾಸ್ಟೆಲ್ ಎಲ್ಲ ಕ್ವಾರಂಟೈನ್. ಉಡುಪಿ ಜಿಲ್ಲೆಯ ಪ್ರಕರಣಗಳು ಏರಿದ ಆ ದಿನಗಳದ್ದು ಬೇರೆಯೇ ಕಥೆ. ಅಷ್ಟರಲ್ಲಿ ಮಳೆಗಾಲ ಬಂತು, ಬೀಚನ್ನು ಕಡಲೇ ಮುಚ್ಚಿತು. ಆಗ ನನಗೆ ಹೊಳೆದದ್ದು, ಈ ಜನಕ್ಕೆ ಕಡಲು ಮುಚ್ಚುವುದು ಹೊಸದೇ ಅಲ್ಲ. ಪ್ರತಿ ವರ್ಷ ಯಾಂತ್ರಿಕ ದೋಣಿಗಳಿಗೆ ಮಳೆಗಾಲದ ನಿಷೇಧ ಇರುತ್ತದೆ. ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ, ಹಾಲು ತೆಂಗಿನಕಾಯಿ ಬಿಟ್ಟ ಮೇಲೆ ತಾನೇ ಮತ್ತೆ ಇಳಿಯುವುದು? "ಸೆಕ್ಷನ್ 144" ಅಂತ ಮೈಕಿನಲ್ಲಿ ಕೂಗುವ ಬದಲು "ಈ ವರ್ಷ ರಜೆ ಸ್ವಲ್ಪ ಬೇಗ ಬಂತು" ಅಂತ ಹೇಳಿದ್ದರೆ ಅರ್ಧ ಜಗಳ ತಪ್ಪುತ್ತಿತ್ತೇನೋ. ಆ ಆಗಸ್ಟ್ 3ರ ಪೂಜೆಗೆ ನಮ್ಮಲ್ಲಿ ಏಳೆಂಟು ಜನ ಮಾತ್ರ ನಿಂತಿದ್ದರು. ಪಂಚಾಯ್ತಿ ಸದಸ್ಯರ ಅವಧಿಯೂ ಮುಗಿದಿತ್ತು, ಆಡಳಿತಾಧಿಕಾರಿ ಬಂದಿದ್ದರು. ಬೈಗುಳದ ಪಾಲೂ ಪೂರ್ತಿ ನನಗೇ.

ಅಕ್ಟೋಬರಿಗೆ ಬೆಂಗಳೂರಿನ ಕಾರುಗಳು ಮತ್ತೆ ಬಂದವು. ಅದೇ ತಿಂಗಳು ನಮ್ಮ ಜಿಲ್ಲೆಯ ಪಡುಬಿದ್ರಿಗೆ, ಪಕ್ಕದ ಜಿಲ್ಲೆಯ ಕಾಸರಕೋಡಿಗೆ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಬನ್ನಿ ಅಂತ ಒಂದು ಬೋರ್ಡ್, ಮಾಸ್ಕ್ ಇಲ್ಲದಿದ್ದರೆ ದಂಡ ಅಂತ ಇನ್ನೊಂದು. ದಂಡದ ರಸೀದಿ ಪುಸ್ತಕದ್ದೂ ಒಂದು ಪ್ರಹಸನ. ಗ್ರಾಮೀಣ ಭಾಗಕ್ಕೆ 100 ರೂಪಾಯಿ ಇದ್ದದ್ದನ್ನು ಸೆಪ್ಟೆಂಬರ್ ಕೊನೆಗೆ 500 ಮಾಡಿದರು, ವಾರದೊಳಗೆ ಮತ್ತೆ 100. ಆ ವಾರ 500 ಕಟ್ಟಿದವರೊಬ್ಬರು ಬಾಕಿ 400 ಕೇಳಲು ಆಫೀಸಿಗೆ ಬಂದಿದ್ದರು.

2021ರ ಏಪ್ರಿಲ್ 27ರಿಂದ ಎರಡನೇ ಸಲ ಮುಚ್ಚಿದೆವು. ಈ ಸಲ ನನಗೆ ಮನಸ್ಸಿರಲಿಲ್ಲ, ಹೇಳಿಬಿಡುತ್ತೇನೆ. ಮೊದಲ ಸಲ ಯಾರಿಗೂ ಏನೂ ತಿಳಿದಿರಲಿಲ್ಲ, ಮುಚ್ಚಿದ್ದು ಸರಿ. ಆದರೆ ವರ್ಷ ಕಳೆದ ಮೇಲೆ, ಗಾಳಿಯಾಡುವ ಬಯಲಿಗಿಂತ ಮುಚ್ಚಿದ ಕೋಣೆಯೇ ಜಾಸ್ತಿ ಅಪಾಯ ಅಂತ ಗೊತ್ತಾಗಿತ್ತು. ಸಂಜೆ ಹೊಯ್ಗೆ ಮೇಲೆ ಒಬ್ಬರೇ ನಡೆಯುವ ಅಜ್ಜಿಯನ್ನು ಮನೆಯೊಳಗೆ ಕಳಿಸಿ ಏನು ಸಾಧಿಸಿದ ಹಾಗಾಯಿತು? ಸಿಡ್ನಿಯ ಬೋಂಡಾಯ್ ಬೀಚನ್ನು 2020ರ ಮಾರ್ಚ್ 21ಕ್ಕೆ ಮುಚ್ಚಿ, ಏಪ್ರಿಲ್ 28ಕ್ಕೆ ಈಜುವವರಿಗೆ, ಸರ್ಫಿಂಗ್ ಮಾಡುವವರಿಗೆ ಮಾತ್ರ ತೆರೆದಿದ್ದರು. ನೀರಿಗಿಳಿಯಿರಿ, ಎದ್ದು ಹೋಗಿ, ಮರಳಲ್ಲಿ ಕೂರಬೇಡಿ. ನಮಗೂ ಹಾಗೆ ಒಂದು ಸಾಲು ಆದೇಶದಲ್ಲಿ ಇದ್ದಿದ್ದರೆ ಸಾಕಿತ್ತು. ಇರಲಿಲ್ಲ. ಹಾಗಾಗಿ ಊರವರು ನಡೆಯುವ ಹೊತ್ತಿಗೆ ನಾನು ಆ ಕಡೆ ಹೋಗುತ್ತಿರಲಿಲ್ಲ. ಇದನ್ನು ಕರ್ತವ್ಯಲೋಪ ಅನ್ನುವುದಾದರೆ ಅನ್ನಲಿ.

ಮೇ 15ಕ್ಕೆ ತೌಕ್ತೆ ಚಂಡಮಾರುತ ಬಂತು. ಬ್ಯಾರಿಕೇಡು, ಮೂರನೇ ಬೋರ್ಡು, ಕಡಲ ಬದಿಯ ರಸ್ತೆಯ ಅಂಚು ಎಲ್ಲ ಹೋಯಿತು. ಆ ಎರಡು ದಿನ ಕಡಲಂಚಿನ ಮನೆಯವರನ್ನು ಶಾಲೆಗೆ ಸಾಗಿಸಬೇಕಾಯಿತು. ಒಂದು ಕೋಣೆಗೆ ಎಷ್ಟು ಜನ, ಮಾಸ್ಕ್ ಎಲ್ಲಿ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ಇಳಿದ ಮೇಲೆ ಹುಡುಕಿದರೆ ತೋಟದ ಬಾಯಲ್ಲಿ ಸರಪಳಿ ಮಾತ್ರ ಹಾಗೇ ನೇತಾಡುತ್ತಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು.

2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಸುದ್ದಿ ಟಿವಿಯಲ್ಲಿ ಬಂತು. ಪಿಡಿಎಫ್‌ಗೆ ಕಾಯುತ್ತಾ ಕೂತಿದ್ದೆ. ಅದಕ್ಕಿಂತ ಮೊದಲು ತೋಟದವರ ಫೋನ್ ಬಂತು.

"ಮೇಡಂ, ಹೊಸ ಬೀಗ ತಂದಿದ್ದೆ. ಚೈನ್ ಹಾಕುದಾ?"